ಪದಚರ್ಚೆ: ಪ್ಯಾರಿಸ್–ರೂಬೇ ಗೆಲುವು ‘ಏಕಾಂಗಿ’ಯೋ, ‘ಏಕಪಕ್ಷೀಯ’ವೋ?

ಬಲ್ಲವರಲ್ಲಿ ಒಂದು ಪ್ರಶ್ನೆ. ಸೈಕಲ್ ರೇಸಿನಲ್ಲಿ ಒಬ್ಬ ಸವಾರ ಗುಂಪನ್ನು ಬಿಟ್ಟು ಹೊರಟು, ಕೊನೆಯ ಐವತ್ತು ಅರವತ್ತು ಕಿಲೋಮೀಟರನ್ನು ತಾನೊಬ್ಬನೇ ತುಳಿದು, ಯಾರ ಕೈಗೂ ಸಿಗದಷ್ಟು ಅಂತರದಲ್ಲಿ ಗೆದ್ದರೆ ಅದನ್ನು ಕನ್ನಡದಲ್ಲಿ ಎಂಥ ಗೆಲುವು ಎನ್ನಬೇಕು? ನಮ್ಮಲ್ಲಿ ಸಿದ್ಧವಾಗಿರುವ ಪದಗಳಿಗೆ ಕೊರತೆಯಿಲ್ಲ. ಆದರೆ ಪ್ರತಿಯೊಂದು ಪದವೂ ಅಭಿಮಾನಿಗಳ ಜಗಳದಲ್ಲಿ ಯಾವುದೋ ಒಂದು ಕಡೆಗೆ ವಾಲಿಬಿಡುತ್ತದೆ. ನನ್ನ ತೊಡಕು ಅದು.

ನನ್ನ ಮನಸ್ಸಿನಲ್ಲಿರುವುದು 2024ರ ಏಪ್ರಿಲ್ 7ರಂದು ನಡೆದ ಪ್ಯಾರಿಸ್–ರೂಬೇ, ಅಂದರೆ ಉತ್ತರ ಫ್ರಾನ್ಸಿನ ಕಲ್ಲುದಾರಿಗಳ ಮೇಲೆ ಸಾಗುವ ಒಂದು ದಿನದ ಸೈಕಲ್ ರೇಸು. ವಿಶ್ವ ಚಾಂಪಿಯನ್ನರ ಅಂಗಿ ತೊಟ್ಟಿದ್ದ ನೆದರ್ಲೆಂಡ್ಸ್‌ನ ಮಾತ್ಯೂ ವಾನ್ ಡರ್ ಪೂಲ್, ಇನ್ನೂ ಸುಮಾರು 60 ಕಿ.ಮೀ. ಉಳಿದಿರುವಾಗ ಒರ್ಶಿ ಊರಿನ ಬಳಿಯ ಕಲ್ಲುದಾರಿಯಲ್ಲಿ ವೇಗ ಹೆಚ್ಚಿಸಿದರು. ಅವರ ಹಿಂಬದಿ ಚಕ್ರಕ್ಕೆ ಅಂಟಿಕೊಳ್ಳಲು ಒಬ್ಬರಿಗೂ ಆಗಲಿಲ್ಲ. ರೂಬೇ ಊರಿನ ಬಯಲು ವೆಲೊಡ್ರೋಮಿನಲ್ಲಿ (ಸೈಕಲ್ ಓಟದ ಕ್ರೀಡಾಂಗಣದಲ್ಲಿ) ಅವರು ಗೆರೆ ದಾಟಿ ಮೂರು ನಿಮಿಷ ಕಳೆದ ಮೇಲೆ ಎರಡನೆಯವರು ಬಂದರು. ರೇಸಿನ ಸರಾಸರಿ ವೇಗ ಗಂಟೆಗೆ 47.8 ಕಿ.ಮೀ.; 1896ರಿಂದ ನಡೆದುಬಂದ ಈ ಸ್ಪರ್ಧೆಯಲ್ಲಿ ಆವರೆಗೆ ಅಷ್ಟು ವೇಗ ಕಂಡಿರಲಿಲ್ಲ.

ಅಭಿಮಾನಿಗಳು ಎರಡು ಪಾಲಾದರು. ಒರ್ಶಿಯಲ್ಲೇ ರೇಸು ಮುಗಿಯಿತು, ಆಮೇಲೆ ನೋಡಲು ಏನೂ ಉಳಿಯಲಿಲ್ಲ ಎಂಬುದು ಒಂದು ವಾದ. ಹಿಂದಿನ ವಾರಗಳಲ್ಲಿ ಬಿದ್ದು ಮೂಳೆ ಮುರಿದುಕೊಂಡಿದ್ದ ಬೆಲ್ಜಿಯಂನ ಪ್ರಬಲ ಸವಾರ ವೌಟ್ ವಾನ್ ಆರ್ಟ್ ಕಣದಲ್ಲಿ ಇರಲಿಲ್ಲ, ಸ್ಲೊವೇನಿಯಾದ ಪೊಗಾಚಾರ್ ಇರಲಿಲ್ಲ ಎಂಬ ಮಾತನ್ನೂ ಅದಕ್ಕೆ ಸೇರಿಸಿದರು. ಇನ್ನೊಂದು ವಾದ, ಈ ಸ್ಪರ್ಧೆ ಇರುವುದೇ ಇಂಥ ಸವಾರಿಗಾಗಿ ಎಂಬುದು. ನಾನು ಎರಡನೆಯ ಕಡೆಯವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಪದಗಳನ್ನು ಅಳೆಯುವಾಗ ನನ್ನ ಒಲವು ಹೇಗೂ ಕಾಣುತ್ತದೆ.

‘ಏಕಪಕ್ಷೀಯ ಗೆಲುವು’ ಎಂದು ಬರೆದರೆ ಮೊದಲ ವಾದವನ್ನು ಒಪ್ಪಿಕೊಂಡಂತೆಯೇ. ನಮ್ಮ ಕ್ರೀಡಾಪುಟಗಳಲ್ಲಿ ಆ ಪದಕ್ಕೆ ‘ನೀರಸ ಪಂದ್ಯ’ ಎಂಬ ಅರ್ಥ ಅಂಟಿಬಿಟ್ಟಿದೆ. ‘ಸುಲಭ ಜಯ’, ‘ನಿರಾಯಾಸ ಗೆಲುವು’ ಇನ್ನೂ ದೂರ ಹೋಗುತ್ತವೆ. ಗುಂಪಿನ ಮರೆಯಲ್ಲಿ ತುಳಿಯುವವನಿಗೆ ಗಾಳಿಯ ಪೆಟ್ಟು ಕಡಿಮೆ. ಒಬ್ಬನೇ ಹೋಗುವವನು ಅಷ್ಟೂ ಗಾಳಿಯನ್ನು ತಾನೇ ಸೀಳಬೇಕು. ಕಲ್ಲುದಾರಿಗಳ ನಡುವೆ ಬರುವ ನುಣುಪಾದ ಟಾರು ರಸ್ತೆಯಲ್ಲಿ ಬೆನ್ನಟ್ಟುವ ಗುಂಪಿಗೇ ಅನುಕೂಲ. ಅಲ್ಲಿಯೂ ಅಂತರ ಬೆಳೆಯುತ್ತಲೇ ಹೋಯಿತು ಎಂದ ಮೇಲೆ ‘ನಿರಾಯಾಸ’ ಎಂಬ ಮಾತಿಗೆ ಜಾಗವೆಲ್ಲಿ?

‘ಏಕಾಂಗಿ’ಯ ತೊಡಕು ಬೇರೆ. ಉಳಿದವರೆಲ್ಲ ಔಟಾಗಿ ಹೋದಾಗ ಒಬ್ಬ ಬ್ಯಾಟರ್ ನಿಂತು ಆಡಿದರೆ ‘ಏಕಾಂಗಿ ಹೋರಾಟ’ ಎನ್ನುತ್ತೇವೆ. ಬಹುತೇಕ ಆ ತಂಡ ಸೋತಿರುತ್ತದೆ. ಜೊತೆಗಾರರು ಕೈಬಿಟ್ಟರು ಎಂಬ ಧ್ವನಿ ಆ ಪದದಲ್ಲಿದೆ. ಇಲ್ಲಿ ನಡೆದದ್ದು ಅದರ ತಿರುವುಮುರುವು. ಬೆನ್ನಟ್ಟಿದವರ ನಡುವೆ ವಾನ್ ಡರ್ ಪೂಲ್ ಅವರದೇ ತಂಡದ ಯಾಸ್ಪರ್ ಫಿಲಿಪ್ಸನ್ ಇದ್ದರು. ಮುಂದಿದ್ದವರು ತಮ್ಮದೇ ತಂಡದವರಾದ್ದರಿಂದ, ಗಾಳಿಗೆ ಎದೆಯೊಡ್ಡಿ ಗುಂಪನ್ನು ಎಳೆಯುವ ಅಗತ್ಯ ಫಿಲಿಪ್ಸನ್‌ಗೆ ಇರಲಿಲ್ಲ. ಕಾಲಿನ ಕಸುವನ್ನು ಉಳಿಸಿಕೊಂಡು ಎರಡನೇ ಸ್ಥಾನವನ್ನೂ ಅವರೇ ಪಡೆದರು. ದಾರಿಯಲ್ಲಿ ಒಬ್ಬರೇ ಇದ್ದರೂ ವಾನ್ ಡರ್ ಪೂಲ್ ಏಕಾಂಗಿಯಾಗಿರಲಿಲ್ಲ.

ಹಾಗಾದರೆ ಸರಳವಾಗಿ ‘ಒಬ್ಬರೇ ಗೆದ್ದರು’ ಎನ್ನಬಹುದೇ? ಅರ್ಥ ಕೆಡುತ್ತದೆ. ಗೆದ್ದವರು ಒಬ್ಬರು ಮಾತ್ರ ಎಂದಾಗುತ್ತದೆ, ಯಾವ ರೇಸಿನಲ್ಲಾದರೂ ಅದು ಹಾಗೆಯೇ ಅಲ್ಲವೇ? ‘ಒಬ್ಬರೇ ಮುಂದೆ ಸಾಗಿ ಗೆದ್ದರು’ ಎಂದರೆ ವಾಕ್ಯ ಸರಿಯಾಗುತ್ತದೆ, ತಲೆಬರಹಕ್ಕೆ ಒಗ್ಗುವುದಿಲ್ಲ.

ನನಗೆ ಹಿಡಿಸುತ್ತಿರುವುದು ‘ಒಂಟಿ’. ಒಂಟಿತನ, ಒಂಟಿ ಜೀವ ಎನ್ನುವಾಗ ಅದರಲ್ಲಿ ಮರುಕವಿದೆ, ನಿಜ. ಆದರೆ ಒಂಟಿ ಸಲಗ ಎನ್ನುವಾಗ ಮರುಕವಿಲ್ಲ, ಹಿಂಡಿನ ಹಂಗಿಲ್ಲದ ಬಲ ಮಾತ್ರ ಇದೆ. ‘ಒಂಟಿ ಸವಾರಿಯ ಗೆಲುವು’ ಎಂದರೆ ಆ ಬಲವೂ ಉಳಿಯುತ್ತದೆ, ಪಟ್ಟ ಪಾಡೂ ಮರೆಯಾಗುವುದಿಲ್ಲ. ಹೆಣ್ಣು, ಗಂಡು ಎಂಬ ಭೇದವೂ ಬೇಕಿಲ್ಲ. 2021ರ ಅಕ್ಟೋಬರಿನಲ್ಲಿ ಮಹಿಳೆಯರ ಮೊದಲ ಪ್ಯಾರಿಸ್–ರೂಬೇಯನ್ನು ಗೆದ್ದ ಬ್ರಿಟನ್ನಿನ ಲಿಜ್ಜಿ ಡೈಗ್ನನ್ 80 ಕಿ.ಮೀ.ಗೂ ಹೆಚ್ಚು ದೂರ ಹೀಗೆಯೇ ಸಾಗಿದ್ದರು. ಅದೇ ಪದ ಅವರಿಗೂ ಸಲ್ಲುತ್ತದೆ.

ಇನ್ನು ‘ಪಾರಮ್ಯ’. ಒಂದು ದಿನದ ಗೆಲುವಿಗೆ ಅದು ದೊಡ್ಡದಾಯಿತೇ ಎಂಬ ಅನುಮಾನವಿತ್ತು. ಆದರೆ ಹಿಂದಿನ ಭಾನುವಾರವಷ್ಟೇ ಬೆಲ್ಜಿಯಂನ ಟೂರ್ ಆಫ್ ಫ್ಲ್ಯಾಂಡರ್ಸ್‌ನಲ್ಲಿ, ಕೊಪ್ಪೆನ್‌ಬರ್ಗ್ ಏರಿನಲ್ಲಿ ಇದೇ ಸವಾರ ಎಲ್ಲರನ್ನೂ ಕಳಚಿಕೊಂಡು ಹೋಗಿ ಗೆದ್ದಿದ್ದರು. ಆ ಎರಡನ್ನೂ ಒಟ್ಟಿಗೆ ಹೇಳುವಾಗ ಪಾರಮ್ಯ ಸರಿಯೆನಿಸುತ್ತದೆ. ‘ಏಕಚಕ್ರಾಧಿಪತ್ಯ’ವನ್ನು ಮಾತ್ರ ನಾನು 2023, 2024, 2025ರ ಮೂರು ರೂಬೇ ಗೆಲುವುಗಳನ್ನು ಒಟ್ಟು ಸೇರಿಸಿ ಹೇಳುವಾಗಲಷ್ಟೇ ಬಳಸುತ್ತೇನೆ. ಸತತ ಮೂರು ಸಲ ಗೆದ್ದವರು ಅವರಿಗಿಂತ ಮೊದಲು ಒಕ್ಟಾವ್ ಲಪೀಜ್ ಮತ್ತು ಫ್ರಾಂಚೆಸ್ಕೊ ಮೋಸರ್ ಮಾತ್ರ.

ಕಲ್ಲಿನ ವಿಷಯಕ್ಕೂ ಒಂದು ಪದ ಬೇಕಾಗಿದೆ. ‘ಹಾಸುಗಲ್ಲು’, ‘ಚಪ್ಪಡಿ’ ಎಂದರೆ ನಮಗೆ ಕಾಣುವುದು ದೇವಸ್ಥಾನದ ಅಂಗಳದ ಸಮತಟ್ಟಾದ ಕಲ್ಲು. ಈ ರೇಸು ಹಾದುಹೋಗುವ ಆರೆನ್‌ಬರ್ಗ್ ಕಾಡಿನ ದಾರಿಯಲ್ಲಿ ಇರುವುದು ಅದಲ್ಲ: ಮೇಲ್ಮೈ ಉಬ್ಬಿದ, ಸಂದುಗಳು ಬಾಯಿಬಿಟ್ಟ, ಮಳೆ ಬಂದರೆ ಪಾಚಿ ಕಟ್ಟಿ ಜಾರುವ ಗಟ್ಟಿಗಲ್ಲುಗಳು. ಒಟ್ಟು 260 ಕಿ.ಮೀ.ಯಲ್ಲಿ ಸುಮಾರು 55 ಕಿ.ಮೀ. ಇಂಥದ್ದೇ. ‘ಜಲ್ಲಿ’ ಎಂದರೆ ಪೂರ್ತಿ ತಪ್ಪು. ಸದ್ಯಕ್ಕೆ ‘ಉಬ್ಬುಗಲ್ಲಿನ ದಾರಿ’ ಎಂದು ಬರೆಯುತ್ತಿದ್ದೇನೆ. ಗೆದ್ದವರಿಗೆ ಕೊಡುವ ಪಾರಿತೋಷಕವೂ ಅಂಥದೇ ಒಂದು ಕಲ್ಲು. ‘ಉಬ್ಬುಗಲ್ಲನ್ನು ಎತ್ತಿಹಿಡಿದರು’ ಎಂದರೆ ಓದುಗರಿಗೆ ತಿಳಿಯುತ್ತದೆಯೇ?

ವಿಜಯಪುರ, ಬಾಗಲಕೋಟೆ ಕಡೆಯವರು, ಅದರಲ್ಲೂ ಸೈಕಲ್ ಪಟುಗಳ ಒಡನಾಟ ಇರುವವರು ದಯವಿಟ್ಟು ಉತ್ತರಿಸಬೇಕು. ಗುಂಪಿನಿಂದ ಥಟ್ಟನೆ ಮುಂದಕ್ಕೆ ಚಿಮ್ಮುವುದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ? ‘ದಾಳಿ’ ಎಂದರೆ ನನಗೆ ಬೌಲಿಂಗೇ ನೆನಪಾಗುತ್ತದೆ, ‘ಲಗ್ಗೆ’ ಎಂದರೆ ಸೆಮಿಫೈನಲ್.