ಪದ ಬೇಕು, ಇವತ್ತು ಸಂಜೆಯೊಳಗೆ: ರಿನ್ಯೂವಬಲ್ ಮೆಥನಾಲ್

ಗೆಳೆಯರೇ, ಒಂದು ವಿಜ್ಞಾನ ಪ್ರದರ್ಶನದ ಫಲಕಕ್ಕೆ ಕನ್ನಡ ಮಾಡ್ತಾ ಇದ್ದೇನೆ. ವಿಷಯ ಐಸ್‌ಲ್ಯಾಂಡಿನ ಸ್ವಾರ್ಟ್ಸೆಂಗಿಯಲ್ಲಿ 2012ರಲ್ಲಿ ಪೂರ್ತಿಯಾದ ಘಟಕ. ನೆಲದ ಬಿಸಿಯಿಂದ ಕರೆಂಟು ಮಾಡುವ ಸ್ಥಾವರದಿಂದ ಹೊರಬರುವ ಕಾರ್ಬನ್ ಡೈಆಕ್ಸೈಡನ್ನು ಹಿಡಿದು, ನೀರನ್ನು ಒಡೆದು ಪಡೆದ ಹೈಡ್ರೋಜನ್ ಜೊತೆ ಕೂಡಿಸಿ ವಾಹನಗಳಿಗೆ ಮೆಥನಾಲ್ ಎಂಬ ದ್ರವ ಇಂಧನ ಮಾಡಿದರು. ನಾನು ಬರೆದದ್ದು: 'ಬಂಧಿತ ಇಂಗಾಲದಿಂದ ನವೀಕರಿಸಬಹುದಾದ ಮೆಥನಾಲ್'. ನಾಲಿಗೆ ತೊಡರುತ್ತದೆ. ಜಾಗ ಒಂದೇ ಸಾಲು.

ಮರು: ನವೀಕರಿಸುವುದು ಲೈಸೆನ್ಸನ್ನು. ಮೆಥನಾಲ್ ಸುಟ್ಟರೆ ಮುಗೀತು, ಅದನ್ನು ಯಾರು ನವೀಕರಿಸುತ್ತಾರೆ? ಮುಗಿಯದೇ ಇರುವುದು ಅದನ್ನು ಮಾಡಲು ಬಳಸಿದ ಕರೆಂಟಿನ ಮೂಲ. 'ಬಂಧಿತ' ಅಂದರೆ ಪೊಲೀಸ್ ಸುದ್ದಿ. 'ಸೆರೆ ಇಂಗಾಲ' ಸಾಕು.

ಮರು: ನಮ್ಮ ಕಡೆ ಸೆರೆ ಅಂದ್ರೆ ಕುಡಿಯೋದು ಸರ್. ಮೆಥನಾಲ್ ಪಕ್ಕದಲ್ಲಿ ಆ ಪದ ಇಡಬೇಡಿ. ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗುತ್ತದೆ. ಇನ್ನೊಂದು, ಹಿಡಿಯುವುದು ಅನಿಲವನ್ನು. ಬರೀ ಇಂಗಾಲ ಅಂದರೆ ಜನ ಇದ್ದಿಲು ಅಂದುಕೊಳ್ಳುತ್ತಾರೆ.

ಮರು: ಮೆಥನಾಲನ್ನೇ ಯಾರೂ ಮುಟ್ಟಲಿಲ್ಲ! 1834ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿಗಳಾದ ದ್ಯುಮಾ ಮತ್ತು ಪೆಲಿಗೊ, ಮೆಥನಾಲ್ ಹೆಸರಿಗೆ ಮೂಲವಾದ 'ಮೆಥಿಲೀನ್' ಪದ ಕಟ್ಟಿದ್ದು ಗ್ರೀಕಿನ ಮದ್ಯ ಮತ್ತು ಮರ ಎಂಬ ಎರಡು ಪದಗಳಿಂದ. ಆ ಗ್ರೀಕ್ 'ಮೆಥು', ನಮ್ಮಲ್ಲಿಗೆ ಸಂಸ್ಕೃತದಿಂದ ಬಂದ 'ಮಧು', ಎರಡಕ್ಕೂ ಬೇರು ಒಂದೇ. ಅವರಿಗೆ ಮರ ಆಗುತ್ತದೆ, ನಮಗೆ 'ಮರಗಳ್ಳು' ಯಾಕೆ ಆಗಬಾರದು?

ಮರು: ಇಲ್ಲಿ ಮರವೇ ಇಲ್ಲ, ಅದಕ್ಕೆ. ಕಟ್ಟಿಗೆಯಿಂದ ಬಟ್ಟಿ ಇಳಿಸುತ್ತಿದ್ದ ಕಾಲದ ಹೆಸರು ಅದು. ಮತ್ತೆ ಕಳ್ಳು ಅಂತ ಬರೆದು ವಿಷ ಮಾರಬೇಡಿ.

ಮರು: ಹೀಗೆ ಎರವಲು ತರುತ್ತಾ ಹೋದರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಇಂಗಾಲದಂಥ ಅಚ್ಚಗನ್ನಡ ಪದ ಇರುವಾಗ ಕಾರ್ಬನ್ ಯಾಕೆ?

ಮರು: ಅಚ್ಚಗನ್ನಡವಂತೆ! ಸಂಸ್ಕೃತದ ಅಂಗಾರ ಪ್ರಾಕೃತದಲ್ಲಿ ಇಂಗಾಲ ಆಗಿ ಇಲ್ಲಿಗೆ ಬಂದದ್ದು. ನಿಮ್ಮ ಎರವಲು ಹಳೇದು, ನಮ್ಮದು ಹೊಸದು, ಅಷ್ಟೇ.

ಮರು: ಜಗಳ ಆಮೇಲೆ ಆಡೋಣ, ಸಂಜೆ ಆಯ್ತು. 'ಹಿಡಿದಿಟ್ಟ ಕಾರ್ಬನ್ ಡೈಆಕ್ಸೈಡಿನ ಮೆಥನಾಲ್' ಅಂತ ಕಳಿಸಲಾ? 'ನವೀಕರಿಸಬಹುದಾದ' ಕೈಬಿಟ್ಟಿದ್ದೇನೆ.

ಮರು: ಸುಮ್ನೆ ಕೈಬಿಡಬೇಡಿ ಮೇಡಂ. ಮಾರುಕಟ್ಟೆಯ ಮೆಥನಾಲ್ ಜಾಸ್ತಿ ಬರುವುದು ನೈಸರ್ಗಿಕ ಅನಿಲದಿಂದ, ಕಲ್ಲಿದ್ದಲಿನಿಂದ. ಇದು ಬೇರೆ ಅನ್ನುವುದು ಎಲ್ಲಾದರೂ ಬರಲಿ, ಕೆಳಗೆ ಸಣ್ಣ ಅಕ್ಷರದಲ್ಲಾದರೂ. ಆದರೆ 'ಹಿಡಿದಿಟ್ಟ' ಬೇಡ, 'ಹಿಡಿದ' ಅನ್ನಿ. ಇಟ್ಟಿಲ್ಲವಲ್ಲ, ಎಂಜಿನ್ನಿನಲ್ಲಿ ಉರಿದರೆ ಅದೇ ಅನಿಲ ಮತ್ತೆ ಹೊರಗೆ ಬರುತ್ತದೆ.

ಮರು: 'ಇಟ್ಟ' ತೆಗೆದೆ. ಅಚ್ಚಿಗೆ ಹೋಯ್ತು.