ಸಿಹಿ ಡಬ್ಬಿಯ ಅಡಿಯಲ್ಲಿದ್ದ ಬೆಳ್ಳಿ ದೀಪ: ನನಗೆ ನಾನೇ ಒಂದು ನಿಯಮಾವಳಿ ಬರೆದುಕೊಳ್ಳುವುದು ಹೇಗೆ?

ಪ್ರಶ್ನೆ: ತುಂಗಾತೀರ

ಮಾನ್ಯರೇ, ಒಂಬತ್ತು ವರ್ಷಗಳಿಂದ ಖಾಸಗಿ ಕಟ್ಟಡ ನಿರ್ಮಾಣ ಸಂಸ್ಥೆಯೊಂದರ ಖರೀದಿ ವಿಭಾಗದಲ್ಲಿದ್ದೇನೆ. ಸಿಮೆಂಟು, ಕಂಬಿ, ಜಲ್ಲಿ, ಎಂ-ಸ್ಯಾಂಡ್, ಏನೇ ಬಂದರೂ ಚಲನ್ ಮೇಲೆ ನನ್ನ ಸಹಿ ಬೀಳಬೇಕು. ಲಂಚವೆಂದು ಯಾರಿಂದಲೂ ಒಂದು ರೂಪಾಯಿ ಪಡೆದವನಲ್ಲ. ಆ ಕಾರಣಕ್ಕೇ ಇರಬೇಕು, ನನ್ನ ಮೇಲೆ ನನಗೆ ತುಸು ಹೆಚ್ಚೇ ನಂಬಿಕೆಯಿತ್ತು.

ಕಳೆದ ದೀಪಾವಳಿಗೆ ಮರಳು ಪೂರೈಸುವವರ ಕಡೆಯ ಹುಡುಗನೊಬ್ಬ ನಾನಿಲ್ಲದ ಹೊತ್ತಿನಲ್ಲಿ ಮನೆಗೆ ಬಂದು ಸಿಹಿಯ ಡಬ್ಬಿಯೊಂದನ್ನು ಕೊಟ್ಟು ಹೋಗಿದ್ದ. ಮೇಲೆ ಕಾಜು ಕತ್ಲಿ, ಅದರಡಿ ಕೆಂಪು ಬಟ್ಟೆಯ ಮೇಲೆ ಬೆಳ್ಳಿಯ ಜೋಡಿ ದೀಪ. ಸಂಜೆ ನಾನು ಬರುವಷ್ಟರಲ್ಲಿ ಅಮ್ಮ ಅವನ್ನು ತೊಳೆದು, ಅರಿಸಿನ ಕುಂಕುಮವಿಟ್ಟು, ಬತ್ತಿ ಹಾಕಿ ದೇವರ ಮುಂದೆ ಹಚ್ಚಿಯೂ ಆಗಿತ್ತು. ಉರಿಯುತ್ತಿರುವ ದೀಪವನ್ನು ಆರಿಸಿ ಹಿಂದಕ್ಕೆ ಕಳುಹಿಸೋಣವೆನ್ನಲು ನಾಲಿಗೆ ಏಳಲಿಲ್ಲ. ಹಬ್ಬ ಮುಗಿಯಲಿ ಎಂದುಕೊಂಡೆ, ಕಾರ್ತಿಕ ಮುಗಿಯಲಿ ಎಂದುಕೊಂಡೆ, ಆಮೇಲೆ ಏನನ್ನೂ ಅಂದುಕೊಳ್ಳಲಿಲ್ಲ.

ನನ್ನನ್ನು ಕಾಡುತ್ತಿರುವುದು ಆ ದೀಪಕ್ಕಿಂತ ಹೆಚ್ಚಾಗಿ ಅದರ ನಂತರ ನಡೆದದ್ದು. ಟಿಪ್ಪರ್‌ನಲ್ಲಿ ಮರಳು ಬಂದಾಗ ಟೇಪಿನಿಂದ ಉದ್ದ ಅಗಲ ಅಳೆದು, ಕಬ್ಬಿಣದ ಕೋಲನ್ನು ನಾಲ್ಕೈದು ಕಡೆ ತಳ ಮುಟ್ಟುವಂತೆ ಇಳಿಸಿ ಎತ್ತರ ನೋಡಬೇಕು. ಏಕೆಂದರೆ ನಡುವೆ ಗುಡ್ಡೆ ಹಾಕಿ ಮೂಲೆಗಳನ್ನು ಬರಿದಾಗಿ ಬಿಡುವುದು ಹಳೆಯ ಚಾಳಿ. ಅಲ್ಲದೆ ಮರಳು ಒದ್ದೆಯಾಗಿದ್ದರೆ ಉಬ್ಬುತ್ತದೆ. ತೇವಾಂಶ ಶೇಕಡಾ 5ರ ಆಸುಪಾಸಿನಲ್ಲಿದ್ದರೆ ಗಾತ್ರದಲ್ಲಿ ಕಾಲು ಭಾಗದಷ್ಟು ಹೆಚ್ಚಿ ಕಾಣಬಹುದು. ಇದೆಲ್ಲ ಗೊತ್ತಿದ್ದೂ ಆ ಒಬ್ಬರ ಲೋಡುಗಳಿಗೆ ಮಾತ್ರ ಕೋಲು ಇಳಿಸದೆ ಸಹಿ ಹಾಕತೊಡಗಿದ್ದೇನೆಂಬುದು ಮೂರು ತಿಂಗಳ ಬಳಿಕ, ಒಂದು ಮಧ್ಯಾಹ್ನ ಕೋಲು ಎಲ್ಲಿದೆಯೆಂದು ಹುಡುಕುವಾಗ ನನಗೆ ಹೊಳೆಯಿತು. ಯಾರೂ ಕೇಳಿರಲಿಲ್ಲ, ನಾನೂ ಒಪ್ಪಿರಲಿಲ್ಲ, ಆದರೂ ವ್ಯವಹಾರ ಕುದುರಿತ್ತು.

ಅಂದೇ ರಾತ್ರಿ ನೋಟು ಪುಸ್ತಕ ಹಿಡಿದು ನನ್ನ ಬದುಕಿನ ಮೌಲ್ಯಗಳನ್ನು ಬರೆಯಲು ಕುಳಿತೆ. ಸತ್ಯ, ಪ್ರಾಮಾಣಿಕತೆ, ಕರುಣೆ, ಸ್ವಾಭಿಮಾನ, ಕರ್ತವ್ಯನಿಷ್ಠೆ. ಬರೆದು ನೋಡಿದರೆ ಶಾಲೆಯ ಕಾಂಪೌಂಡು ಗೋಡೆಯಂತೆ ಕಾಣಿಸಿತು. ದೀಪವನ್ನು ಏನು ಮಾಡಬೇಕೆಂದು ಅದರಲ್ಲಿ ಒಂದು ಪದವೂ ಹೇಳಲಿಲ್ಲ. ನಿಮ್ಮಲ್ಲಿ ಯಾರಾದರೂ ಹೀಗೆ ಬರೆದುಕೊಂಡು ಅದರಂತೆ ನಡೆದವರಿದ್ದರೆ, ಯಾವ ರೂಪದಲ್ಲಿ ಬರೆದಿರಿ, ಎರಡು ನಿಯಮಗಳು ಒಂದಕ್ಕೊಂದು ಅಡ್ಡ ಬಂದಾಗ ಏನು ಮಾಡಿದಿರಿ ಎಂಬುದನ್ನು ದಯವಿಟ್ಟು ತಿಳಿಸಬೇಕು.

ಉತ್ತರ 1: ಹಳೆಯ ಲೆಡ್ಜರು

ತಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ನೀವು ಬರೆದ ಐದು ಪದಗಳೂ ಗುಣಗಳ ಹೆಸರುಗಳು. ನಿಮಗೆ ಬೇಕಾಗಿದ್ದುದು ಕೋಲಿನ ಬಗ್ಗೆ ಒಂದು ವಾಕ್ಯ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ, ಅದರಲ್ಲೂ ಬಹುಪಾಲು ಶಾಖೆಗಳ ತಪಾಸಣೆಯಲ್ಲಿ ಕಳೆದವನಾಗಿ ನನ್ನ ಅನುಭವವೆಂದರೆ, ತಪ್ಪು ಮಾಡಿ ಸಿಕ್ಕಿಬಿದ್ದವರಲ್ಲಿ ‘ಪ್ರಾಮಾಣಿಕತೆ ಒಳ್ಳೆಯದು’ ಎಂಬುದನ್ನು ಒಪ್ಪದವರು ಒಬ್ಬರೂ ಇರಲಿಲ್ಲ. ಹೆಚ್ಚಿನವರು ಜಾರಿದ್ದು ನಿಮ್ಮಂತೆಯೇ, ಯಾವ ನಿರ್ಧಾರವನ್ನೂ ಮಾಡದೆ, ಎಂದಿನ ಒಂದು ಸಣ್ಣ ಕೆಲಸವನ್ನು ಬಿಟ್ಟುಬಿಡುವುದರ ಮೂಲಕ.

ಹೀಗೆ ಪಟ್ಟಿ ಮಾಡಿಕೊಂಡವರಲ್ಲಿ ಹೆಸರಾದವರು 18ನೆಯ ಶತಮಾನದ ಅಮೆರಿಕದ ಮುದ್ರಕ, ರಾಜನೀತಿಜ್ಞ ಬೆಂಜಮಿನ್ ಫ್ರಾಂಕ್ಲಿನ್. ಮೊದಲು 12 ಗುಣಗಳನ್ನು ಬರೆದುಕೊಂಡಿದ್ದರಂತೆ. ‘ನಿಮಗೆ ಅಹಂಕಾರ ಹೆಚ್ಚು’ ಎಂದು ಸ್ನೇಹಿತರೊಬ್ಬರು ಅವರಿಗೆ ತಿಳಿಹೇಳಿದ ಮೇಲೆ ವಿನಯವನ್ನು 13ನೆಯದಾಗಿ ಸೇರಿಸಿದರು. ಪುಟ್ಟ ಪುಸ್ತಕದಲ್ಲಿ ಒಂದೊಂದು ಗುಣಕ್ಕೆ ಒಂದೊಂದು ಪುಟ, ವಾರದ ಏಳು ದಿನಗಳಿಗೆ ಏಳು ಮನೆ, ತಪ್ಪಿದ ದಿನ ಒಂದು ಕಪ್ಪು ಚುಕ್ಕೆ. ವಾರಕ್ಕೊಂದು ಗುಣದ ಮೇಲೆ ವಿಶೇಷ ನಿಗಾ, ಹೀಗೆ 13 ವಾರಕ್ಕೊಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವರನ್ನು ಸೋಲಿಸಿದ್ದು ಸಾಮಾನುಗಳನ್ನು ಅವುಗಳ ಜಾಗದಲ್ಲಿಡುವ ಶಿಸ್ತು. ನಾನೂ ಮದುವೆಯಾದ ಹೊಸದರಲ್ಲಿ ಇದನ್ನು ಪ್ರಯತ್ನಿಸಿದೆ. ಎರಡನೆಯ ವಾರದ ಹೊತ್ತಿಗೆ ಚುಕ್ಕೆ ಇಡುವುದನ್ನೇ ಮರೆತೆ. ಆದರೆ ಗುಣವನ್ನು ಎಣಿಸಬಹುದಾದ ವಸ್ತುವನ್ನಾಗಿ ಮಾಡಬೇಕೆಂಬ ಅವರ ಉಪಾಯ ಮಾತ್ರ ಉಳಿಯಿತು. ‘ನಾನೇ ಎಣಿಸದ ನಗದಿಗೆ ಸಹಿ ಹಾಕುವುದಿಲ್ಲ’ ಎಂಬ ಒಂದು ಸಾಲು ನನ್ನನ್ನು ನಿವೃತ್ತಿಯವರೆಗೂ ಕಾಯಿತು.

ಇನ್ನೊಂದು ಮಾತು. ಬ್ಯಾಂಕಿನ ತಿಜೋರಿಗೆ ಎರಡು ಬೀಗದ ಕೈಗಳಿರುತ್ತವೆ. ಒಂದು ಒಬ್ಬರ ಬಳಿ, ಇನ್ನೊಂದು ಮತ್ತೊಬ್ಬರ ಬಳಿ, ಇಬ್ಬರೂ ಬಂದ ಹೊರತು ಅದು ತೆರೆಯುವುದಿಲ್ಲ. ಮ್ಯಾನೇಜರನ್ನು ಕಳ್ಳನೆಂದು ಅನುಮಾನಿಸಿ ಮಾಡಿದ ಏರ್ಪಾಡಲ್ಲ ಅದು. ಒಬ್ಬನೇ ಇದ್ದಾಗ ಮನುಷ್ಯನಿಗೆ ಸಮಜಾಯಿಷಿಗಳು ಬಹಳ ಸುಲಭವಾಗಿ ಹೊಳೆಯುತ್ತವೆ ಎಂಬ ತಿಳಿವಳಿಕೆಯಿಂದ ಬಂದದ್ದು. ನಿಮ್ಮ ನೋಟು ಪುಸ್ತಕಕ್ಕೂ ಎರಡನೆಯ ಕೀಲಿಕೈಯೊಂದಿರಲಿ. ಸರ್ಕಾರಿ ನೌಕರರಿಗಾದರೆ 1988ರ ಭ್ರಷ್ಟಾಚಾರ ತಡೆ ಕಾಯ್ದೆಯ ಭಯವಾದರೂ ಇರುತ್ತದೆ. 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವನಿಗೂ ಏಳು ವರ್ಷದವರೆಗೆ ಸೆರೆಯಾಗಬಹುದು, ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟು ಪಾರಾಗಬಹುದು. ಖಾಸಗಿ ಖರೀದಿಯವರ ಮನೆ ಬಾಗಿಲಿಗೆ ಆ ಕಾಯ್ದೆ ಸಾಮಾನ್ಯವಾಗಿ ಬರುವುದಿಲ್ಲವಾದ್ದರಿಂದ ನಿಮ್ಮ ಕಾವಲನ್ನು ನೀವೇ ಹಾಕಿಕೊಳ್ಳಬೇಕು.

ಉತ್ತರ 2: ಅಂಗಳದ ಪಾರಿಜಾತ

ಲೆಡ್ಜರು ಸರ್ ಅವರ ಎರಡನೆಯ ಕೀಲಿಕೈಯ ಮಾತು ನನಗೆ ಪೂರ್ತಿ ಒಪ್ಪಿಗೆ. ಫ್ರಾಂಕ್ಲಿನ್ನರ ಪಟ್ಟಿಯ ಬಗ್ಗೆ ಮಾತ್ರ ತಕರಾರಿದೆ. ಆ 13ರಲ್ಲಿ ನ್ಯಾಯವೂ ಒಂದಾಗಿತ್ತು. ಅದೇ ವ್ಯಕ್ತಿಯ ಮನೆಯಲ್ಲಿ ಗುಲಾಮರಿದ್ದರು, ಅವರ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳು ಅಚ್ಚಾಗುತ್ತಿದ್ದವು. ಮುಪ್ಪಿನಲ್ಲಿ ಗುಲಾಮಗಿರಿಯನ್ನು ವಿರೋಧಿಸುವ ಸಂಘದ ಅಧ್ಯಕ್ಷರಾದರೆನ್ನುವುದು ನಿಜ, ಆದರೆ ಅಷ್ಟು ವರ್ಷ ನ್ಯಾಯದ ಪುಟದಲ್ಲಿ ಆ ಲೆಕ್ಕಕ್ಕೆ ಚುಕ್ಕೆ ಬಿದ್ದಿರಲಿಕ್ಕಿಲ್ಲ. ಪಟ್ಟಿ ಬರೆದವನ ಕಣ್ಣಿಗೆ ಬೀಳದ್ದು ಪಟ್ಟಿಗೂ ಬೀಳುವುದಿಲ್ಲ.

ಅದಕ್ಕೇ ನನಗೆ 12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ ಹೆಚ್ಚು ಹತ್ತಿರ. ಗಂಡ ಮಾರಯ್ಯನ ಕಾಯಕ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಅವಳು ‘ಈಸಕ್ಕಿಯಾಸೆ ನಿಮಗೇಕೆ’ ಎಂದು ಕೇಳಿ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬರಲು ಕಳುಹಿಸಿದಳು. ಅವನು ಕದ್ದಿರಲಿಲ್ಲ, ಯಾರೂ ದೂರಿರಲಿಲ್ಲ. ಆದರೆ ಮನೆಗೆ ದಿನಕ್ಕೆಷ್ಟು ಅಕ್ಕಿ ಬರುತ್ತದೆಂಬ ಅಂದಾಜು ಅವಳ ಕೈಗಿತ್ತು, ಕೇಳುವ ಅಧಿಕಾರವೂ ಅವಳಿಗಿತ್ತು. ತುಂಗಾತೀರ ಅವರೇ, ನಿಮ್ಮ ಮನೆಯಲ್ಲಿ ಆ ಡಬ್ಬಿ ಎಲ್ಲಿಂದ ಬಂತು, ಅವರಿಗೂ ನಿಮಗೂ ಏನು ವ್ಯವಹಾರ ಎಂಬುದು ನಿಮ್ಮ ತಾಯಿಯವರಿಗೆ ತಿಳಿದಿತ್ತೇ? ತಿಳಿಯದೆ ದೀಪ ಹಚ್ಚಿದವರ ಮನಸ್ಸು ನೋಯಬಾರದೆಂದು ಸುಮ್ಮನಿದ್ದೆ ಎನ್ನುವುದು ನನಗೆ ಅರ್ಧ ಕರುಣೆ, ಅರ್ಧ ಅನುಕೂಲವೆಂದು ತೋರುತ್ತದೆ. ಒರಟಾಗಿ ಹೇಳಿದೆನಾದರೆ ಕ್ಷಮಿಸಬೇಕು.

ಹೀಗೆನ್ನಲು ನನಗೆ ಕಾರಣವಿದೆ. ಏಳು ವರ್ಷಗಳ ಹಿಂದೆ ನೆಲಮಹಡಿಯ ಮನೆಯೊಂದನ್ನು ಕೊಳ್ಳಲು ಎಲ್ಲ ಮಾತುಕತೆಯೂ ಮುಗಿದಿತ್ತು. ಕೊನೆಯಲ್ಲಿ ಮಾರುವವರು ಮಾರ್ಗಸೂಚಿ ಬೆಲೆಗೆ, ಅಂದರೆ ಸರ್ಕಾರ ನಿಗದಿಪಡಿಸಿದ ಕನಿಷ್ಠ ಬೆಲೆಗೆ, ಕ್ರಯಪತ್ರ ಮಾಡಿಸಿ ಉಳಿದದ್ದನ್ನು ನಗದಾಗಿ ಕೊಡಬೇಕೆಂದರು. ನಾನು ಆಗುವುದಿಲ್ಲವೆಂದೆ, ಯಾರನ್ನೂ ಕೇಳದೆ. ಮನೆ ಕೈತಪ್ಪಿತು. ಇನ್ನೊಂದು ಸಿಗುವವರೆಗೆ ಎರಡು ವರ್ಷ ಬಾಡಿಗೆ ಮನೆಯ ಇಪ್ಪತ್ತೆರಡು ಮೆಟ್ಟಿಲುಗಳನ್ನು ಹತ್ತಿ ಇಳಿದವರು ನಮ್ಮ ಅತ್ತೆ. ನನ್ನ ನಿಯಮದ ಬೆಲೆಯನ್ನು ಅವರ ಮೊಣಕಾಲು ತೆತ್ತಿತು. ನಿರ್ಧಾರ ತಪ್ಪೆಂದು ಈಗಲೂ ಅನಿಸಿಲ್ಲ. ಆದರೆ ಅವರನ್ನು ಕೂರಿಸಿಕೊಂಡು ಮೊದಲೇ ಹೇಳಿದ್ದರೆ ಅದು ನಮ್ಮ ಮನೆಯ ನಿಯಮವಾಗುತ್ತಿತ್ತು, ಈಗ ಅದು ನನ್ನ ಹಟವಾಗಿಯೇ ಉಳಿದಿದೆ. ಆದ್ದರಿಂದ ನೀವು ಏನನ್ನು ಬರೆದರೂ ಅದರಿಂದ ನಷ್ಟವಾಗಬಹುದಾದವರಿಗೆ ಓದಿ ಹೇಳಿ.

ಉತ್ತರ 3: ಎರಡನೇ ಪಾಳಿ

ನಿಯಮದ ಅಕ್ಷರವನ್ನು ಪಾಲಿಸುತ್ತ ಅದರ ಉದ್ದೇಶವನ್ನು ಮುರಿಯುವ ಅಪಾಯದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಗಾಂಧೀಜಿಯವರು 1888ರಲ್ಲಿ ಇಂಗ್ಲೆಂಡಿಗೆ ಹೊರಡುವ ಮುನ್ನ ತಾಯಿಯ ಮುಂದೆ ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟರು. ಲಂಡನ್ನಿನಲ್ಲಿ ಮೊದಮೊದಲು ಕೊಟ್ಟ ಮಾತಿಗೆ ಕಟ್ಟುಬಿದ್ದು ಮಾತ್ರ ಮಾಂಸ ಬಿಟ್ಟಿದ್ದವರಿಗೆ ಅದು ಸ್ವಂತ ನಂಬಿಕೆಯಾದದ್ದು ಆಮೇಲೆ. ಮುಂದೆ ಹಾಲನ್ನೂ ಬಿಡುವ ವ್ರತ ಕೈಗೊಂಡು, 1918ರ ಕಾಯಿಲೆಯಲ್ಲಿ, ವ್ರತ ತೊಟ್ಟಾಗ ಮನಸ್ಸಿನಲ್ಲಿದ್ದುದು ಹಸು, ಎಮ್ಮೆಯ ಹಾಲು ಮಾತ್ರ ಎಂಬ ವಾದವನ್ನು ಒಪ್ಪಿ, ಕಸ್ತೂರಬಾ ಅವರ ಒತ್ತಾಯದ ಮೇಲೆ ಮೇಕೆಯ ಹಾಲು ಕುಡಿದರು. ವ್ರತದ ಅಕ್ಷರ ಉಳಿಯಿತು, ಅದರ ಜೀವ ಹೋಯಿತು ಎಂಬ ಕೊರಗು ಅವರನ್ನು ಬಿಡಲೇ ಇಲ್ಲ. ಆದ್ದರಿಂದ ಪ್ರತಿ ನಿಯಮದ ಪಕ್ಕದಲ್ಲಿ ‘ಏಕೆ’ ಎಂಬುದನ್ನೂ ಬರೆದಿಡಿ. ಎರಡು ನಿಯಮಗಳು ಡಿಕ್ಕಿ ಹೊಡೆದಾಗ ತೀರ್ಪು ಸಿಗುವುದು ಅಲ್ಲಿ. ದೀಪದ ಬೆಲೆಯನ್ನು ಅವರ ಖಾತೆಗೆ ಕಟ್ಟಿ ದೀಪವನ್ನು ಉಳಿಸಿಕೊಳ್ಳಬಹುದಲ್ಲ ಎಂದು ಬರೆಯಹೊರಟಿದ್ದೆ. ಅದೂ ಮೇಕೆಯ ಹಾಲೇ ಎಂದು ತೋರಿ ಅಳಿಸಿದೆ.

ಮರುಉತ್ತರ: ತುಂಗಾತೀರ

ಮೂವರಿಗೂ ವಂದನೆಗಳು. ಹದಿನೈದು ದಿನ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಹೇಳಲು ಏನಾದರೂ ಇರಲೆಂದು ಕಾದೆ.

ಅಂಗಳದ ಪಾರಿಜಾತ ಅವರ ಪ್ರಶ್ನೆ ನನಗೆ ಚುಚ್ಚಿತು, ಚುಚ್ಚಬೇಕಾಗಿತ್ತು. ಅಮ್ಮನಿಗೆ ಏನೂ ತಿಳಿದಿರಲಿಲ್ಲ. ಆಫೀಸಿನವರು ಎಲ್ಲರಿಗೂ ಕೊಟ್ಟದ್ದೆಂದುಕೊಂಡಿದ್ದರು. ಅವರನ್ನು ಕೂರಿಸಿ ಮರಳು, ಕೋಲು, ಸಹಿ ಎಲ್ಲವನ್ನೂ ಹೇಳಿದೆ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ದೀಪಗಳ ಎಣ್ಣೆ ಜಿಡ್ಡನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಒರೆಸಿ, ಅದೇ ಡಬ್ಬಿಯಲ್ಲಿಟ್ಟು ನನ್ನ ಊಟದ ಚೀಲದ ಪಕ್ಕದಲ್ಲಿಟ್ಟರು. ‘ಆವತ್ತೇ ಹೇಳಿದ್ದರೆ ನಾನು ಹಚ್ಚುತ್ತಲೇ ಇರಲಿಲ್ಲವಲ್ಲೋ’ ಎಂದಷ್ಟೇ ಹೇಳಿದರು. ಹಿತ್ತಾಳೆಯ ಹಳೆಯ ದೀಪಗಳು ಮತ್ತೆ ಅಟ್ಟದಿಂದ ಇಳಿದವು.

ಪೂರೈಕೆದಾರರು ಡಬ್ಬಿಯನ್ನು ತೆಗೆದುಕೊಂಡರು. ಮುಖ ಸಣ್ಣದು ಮಾಡಿಕೊಂಡು, ‘ಸರ್, ನಿಮಗೊಬ್ಬರಿಗೇ ಅಲ್ಲ, ಎಲ್ಲರಿಗೂ ಕಳಿಸಿದ್ದೆವು’ ಎಂದರು. ನನ್ನನ್ನು ಸಮಾಧಾನಪಡಿಸಲು ಆಡಿದ ಆ ಮಾತು ಹೊಸದೊಂದು ಸಮಸ್ಯೆಯನ್ನು ಕೈಗಿಟ್ಟಿತು. ಕಳೆದ ಶುಕ್ರವಾರ ಅವರದೇ ಲೋಡಿಗೆ ಕೋಲು ಇಳಿಸಿದಾಗ ಹಿಂದಿನ ಎರಡೂ ಮೂಲೆಗಳಲ್ಲಿ ಅರ್ಧ ಅಡಿಗಿಂತ ಹೆಚ್ಚು ಕಡಿಮೆಯಿತ್ತು. ಚಲನ್‌ನಲ್ಲಿ ಅಷ್ಟನ್ನು ಕಡಿದು ಬರೆದೆ. ಡ್ರೈವರು ‘ಇದೇನ್ ಸಾರ್ ಹೊಸದಾಗಿ’ ಎಂದ, ಹಳೆಯದೇ ಎಂದೆ.

ನೋಟು ಪುಸ್ತಕದ ಆ ಐದು ಪದಗಳನ್ನು ಹೊಡೆದುಹಾಕಿ ಮೂರು ವಾಕ್ಯಗಳನ್ನು ಬರೆದಿದ್ದೇನೆ, ಪಕ್ಕದಲ್ಲಿ ‘ಏಕೆ’ಯನ್ನೂ. ಕೋಲು ಇಳಿಸದ ಲೋಡಿಗೆ ಸಹಿ ಹಾಕುವುದಿಲ್ಲ. ವ್ಯವಹಾರವಿರುವವರಿಂದ ಮನೆಗೆ ಏನೇ ಬಂದರೂ, ತಿಂದು ಮುಗಿಸುವ ಸಿಹಿಯನ್ನುಳಿದು, ಮೂರು ದಿನದೊಳಗೆ ಹಿಂದಿರುಗಿಸುತ್ತೇನೆ. ಯಾರಿಂದ, ಏಕೆ ಬಂತೆಂಬುದನ್ನು ಅಂದೇ ಅಮ್ಮನಿಗೆ ಹೇಳುತ್ತೇನೆ. ಸಿಹಿಯ ವಿನಾಯಿತಿ ಅಮ್ಮನ ತಿದ್ದುಪಡಿ, ನಾನು ಒಪ್ಪಿಕೊಂಡೆ.

ನಾಲ್ಕನೆಯದು ಅಂಟಿಕೊಂಡಿದೆ. ಅಂಥ ದೀಪ ನನ್ನ ಜೊತೆ ಕೆಲಸ ಮಾಡುವ ಇನ್ನೂ ಒಬ್ಬಿಬ್ಬರ ಮನೆಯಲ್ಲಿ ಉರಿಯುತ್ತಿರುವುದು ಈಗ ನನಗೆ ಗೊತ್ತು. ಅವರಲ್ಲೊಬ್ಬರು ನನಗೆ ಈ ಕೆಲಸ ಕಲಿಸಿದವರು. ಅವರೊಡನೆ ಮೊದಲು ಮಾತಾಡಬೇಕೋ, ಮಾಲೀಕರಿಗೆ ತಿಳಿಸಬೇಕೋ, ನನ್ನ ಕೋಲಿನ ಮಟ್ಟಿಗೆ ನಾನಿರಬೇಕೋ ಎಂದು ಮೂರು ಬಾರಿ ಬರೆದು ಮೂರು ಬಾರಿಯೂ ಹೊಡೆದುಹಾಕಿದ್ದೇನೆ. ಸದ್ಯಕ್ಕೆ ಅಲ್ಲಿ 4 ಎಂಬ ಅಂಕೆ ಮಾತ್ರ ಇದೆ.