ಸಹಾಯ ಬೇಕು: ತಮ್ಮನಿಗಿರೋದು ಕಜ್ಜಿನಾ, ಎಕ್ಸಿಮಾನಾ?

ನಮಸ್ಕಾರ ಎಲ್ರಿಗೂ. ನನ್ನ ತಮ್ಮ ಬೆಂಗಳೂರಿನ ಮಡಿವಾಳದಲ್ಲಿ ಪಿಜಿಯಲ್ಲಿದ್ದಾನೆ. ಮೈಯೆಲ್ಲ ತುರಿಕೆ. ಹಗಲು ಹೇಗೋ ತಡ್ಕೋತಾನೆ, ರಾತ್ರಿ ರಗ್ಗು ಹೊದ್ದು ಮೈ ಬೆಚ್ಚಗಾದ ಕೂಡಲೇ ಶುರು. ಬೆರಳ ಸಂದಿ, ಮಣಿಕಟ್ಟು, ಹೊಕ್ಕಳ ಸುತ್ತ ಸಣ್ಣ ಗುಳ್ಳೆಗಳು. ಹೆಬ್ಬೆರಳ ಪಕ್ಕ ಪೆನ್ಸಿಲ್‌ನಲ್ಲಿ ಗೀಚಿದ ಹಾಗೆ ಒಂದು ಪುಟ್ಟ ಗೆರೆನೂ ಇದೆ. ಆದ್ರೆ ಮೊಣಕೈ ಮಡಿಕೆಯಲ್ಲಿ ಅವನಿಗೆ ಚಿಕ್ಕಂದಿನಿಂದ ಎಕ್ಸಿಮಾ (ಚರ್ಮ ಒಣಗಿ ಕೆರಳಿ ತುರಿಸೋ, ಅಂಟದ ಕಾಯಿಲೆ) ಇರೋದೂ ನಿಜ.

ಮೊದಲು ತೋರಿಸಿದ ಡಾಕ್ಟ್ರು ಎಕ್ಸಿಮಾನೇ ಜಾಸ್ತಿಯಾಗಿದೆ ಅಂತ ಸ್ಟೀರಾಯ್ಡ್ ಮುಲಾಮು ಕೊಟ್ರು. ಕೆಂಪು ಇಳೀತು, ಗುಳ್ಳೆ ಹರಡಿತು. ಆಮೇಲೆ ಚರ್ಮದ ಡಾಕ್ಟ್ರು ನೋಡಿ, ಇದು ಕಜ್ಜಿ ಹುಳ, ಸ್ಟೀರಾಯ್ಡ್ ಅದನ್ನ ಮರೆಮಾಚುತ್ತೆ ಅಂದು 5% ಪರ್ಮೆಥ್ರಿನ್ ಅನ್ನೋ ಹುಳ ಸಾಯಿಸೋ ಕ್ರೀಮ್ ಬರೆದ್ರು. ಕುತ್ತಿಗೆಯಿಂದ ಪಾದದವರೆಗೆ ರಾತ್ರಿ ಹಚ್ಚಿ ಬೆಳಗ್ಗೆ ಸ್ನಾನ, ವಾರ ಬಿಟ್ಟು ಇನ್ನೊಂದು ಸಲ. ಬಟ್ಟೆ, ಬೆಡ್‌ಶೀಟ್ ಬಿಸಿನೀರಲ್ಲಿ ಒಗೆದಾಯ್ತು. ರೂಮ್‌ಮೇಟ್ ಮಾತ್ರ "ನಂಗೇನೂ ಆಗಿಲ್ಲ ಮಗಾ" ಅಂತ ಹಚ್ಕೊಳ್ಳೋಕೆ ಒಪ್ಪಲ್ಲ. ಮೊದಲ ಸಲ ಅಂಟಿದಾಗ ತುರಿಕೆ ಶುರುವಾಗೋಕೇ 4ರಿಂದ 6 ವಾರ ಬೇಕಾಗಬಹುದು, ಆ ಪುಣ್ಯಾತ್ಮನಿಗೆ ಯಾರು ಹೇಳೋದು!

ಈಗಲೂ ತುರಿಕೆ ನಿಂತಿಲ್ಲ. ಹುಳ ಸತ್ತ ಮೇಲೂ 2ರಿಂದ 4 ವಾರ ಇರಬಹುದು ಅಂತ ಡಾಕ್ಟ್ರೇ ಹೇಳಿದ್ರು. ನನ್ನ ಗೊಂದಲ ಅಲ್ಲೇ: ಇದು ಹಳೇ ತುರಿಕೆನಾ, ರೂಮ್‌ಮೇಟ್‌ನಿಂದ ಮತ್ತೆ ಅಂಟಿದ್ದಾ, ಇಲ್ಲಾ ಎಕ್ಸಿಮಾ ಕೆರಳಿದ್ದಾ? ನಿಮಗೆ ಹೀಗಾಗಿದ್ರೆ ಹೇಗೆ ಗೊತ್ತಾಯ್ತು? ಚರ್ಮ ಕೆರೆದು ಮೈಕ್ರೋಸ್ಕೋಪಲ್ಲಿ ನೋಡೋ ಪರೀಕ್ಷೆ, ಡರ್ಮೋಸ್ಕೋಪಿ (ಭೂತಗನ್ನಡಿಯಂಥ ಉಪಕರಣದಲ್ಲಿ ಚರ್ಮ ನೋಡೋದು) ಇವೆಲ್ಲ ವಿಕ್ಟೋರಿಯಾ ಅಥವಾ ಬೌರಿಂಗ್ ಆಸ್ಪತ್ರೆಯ ಚರ್ಮರೋಗ ಒಪಿಡಿಯಲ್ಲಿ ಅದೇ ದಿನ ಮಾಡ್ತಾರಾ?